ನೆಲ ಕರಗುವ ಊರಿನ ಸರ್ಕಾರ ಏನು ಮಾಡುತ್ತದೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು. ಮಗ ಕೆನಡಾದ ಉತ್ತರಕ್ಕಿರುವ ಯೆಲ್ಲೋನೈಫ್ ಊರಿನಲ್ಲಿ ಕೆಲಸದಲ್ಲಿದ್ದಾನೆ. 2023ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಹತ್ತಿರ ಬಂತೆಂದು ಊರಿಗೆ ಊರನ್ನೇ ಖಾಲಿ ಮಾಡಿಸಿದರು. ನಮಗೆ ಎರಡು ರಾತ್ರಿ ನಿದ್ದೆ ಇರಲಿಲ್ಲ. ಹವಾಮಾನ ಬದಲಾವಣೆಗೆಂದೇ ಅಲ್ಲಿನ ಸರ್ಕಾರದಲ್ಲಿ ಇಲಾಖೆ ಇದೆಯಂತೆ, ದೊಡ್ಡ ಯೋಜನೆ ಇದೆಯಂತೆ. ಅದೇ ಸರ್ಕಾರ ಕರೆಂಟಿಗೆ ಡೀಸೆಲ್ ಸುಡುತ್ತದೆ, ವಜ್ರದ ಗಣಿಗೆ ಅನುಮತಿಯನ್ನೂ ಕೊಡುತ್ತದೆ. ನಲವತ್ತೈದು ಸಾವಿರ ಜನರ ಸರ್ಕಾರ ಭೂಮಿ ಬಿಸಿಯಾಗುವುದನ್ನು ತಡೆಯುವುದುಂಟೇ? ಎಲ್ಲ ಸುಮ್ನೆ ಕಾಗದದ ಮೇಲಿನ ಮಾತೋ ಹೇಗೆ? ಇನ್ನೊಂದು ಮಾತು. ಮಗ ಅಲ್ಲೇ ಮನೆ ಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಏನೇನು ನೋಡಬೇಕು?

ಉತ್ತರ: ಮೇಷ್ಟ್ರೇ, ತಡೆಯುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗ ಇರುವ ನಾರ್ತ್‌ವೆಸ್ಟ್ ಟೆರಿಟರೀಸ್ ವರ್ಷಕ್ಕೆ ಹೊಗೆಯಾಗಿ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳಾಗಿ, ಬಿಡುವುದು ಹದಿಮೂರು, ಹದಿನಾಲ್ಕು ಲಕ್ಷ ಟನ್ ಆಸುಪಾಸು. ಇಡೀ ಕೆನಡಾದ ಲೆಕ್ಕ ಸುಮಾರು 70 ಕೋಟಿ ಟನ್. ಅದರ ಮುಂದೆ ಇದು ಶೇಕಡ ಕಾಲು ಭಾಗವೂ ಅಲ್ಲ. ನಾಳೆಯಿಂದಲೇ ಅಲ್ಲಿ ಎಲ್ಲ ಒಲೆಗಳನ್ನೂ ಆರಿಸಿದರೂ ಭೂಮಿಗೆ ಗೊತ್ತಾಗುವುದಿಲ್ಲ. ತಲೆಗೆ ಹಂಚಿ ನೋಡಿದರೆ ಮಾತ್ರ ಲೆಕ್ಕ ಬೇರೆ. ಒಬ್ಬರ ಪಾಲಿಗೆ 30 ಟನ್ ಹತ್ತಿರ ಬರುತ್ತದೆ. ಚಳಿ, ದೂರ, ಗಣಿ ಮೂರೂ ಸೇರಿ ಆಗಿರುವ ಲೆಕ್ಕ ಅದು.

ಹಾಗಾದರೆ ಆ ಸರ್ಕಾರ ಮಾಡುವುದೇನು? ನಾನು ತಳಪಾಯದ ಕೆಲಸದವನು. ನನ್ನ ಕಣ್ಣು ಮೊದಲು ನೆಲಕ್ಕೇ ಹೋಗುತ್ತದೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಅಲ್ಲಿನ ಹವಾಮಾನ ನೀತಿ ನಿಜವಾಗಿ ಏನು ಅಂತ ತಿಳಿಯಲು ಪರಿಸರ ಇಲಾಖೆಯ ಪುಸ್ತಕ ಸಾಲುವುದಿಲ್ಲ. ನಮ್ಮಲ್ಲಿ ಪಿಡಬ್ಲ್ಯುಡಿ ಅನ್ನುತ್ತೇವಲ್ಲ, ಅದು ಮಾಡುವಂಥ ಕೆಲಸಗಳನ್ನು ನೋಡಬೇಕು. ರಸ್ತೆ, ಸೇತುವೆ, ಶಾಲೆಯ ತಳಪಾಯ, ಎಣ್ಣೆ ಸಾಗಿಸುವ ದೋಣಿ. ಹೋರಾಟ ನಡೆಯುತ್ತಿರುವುದು ಅಲ್ಲಿ.

ಮೊದಲು ಆ ಸರ್ಕಾರ ಎಂಥದ್ದು ಅಂತ ನೋಡಿ. ವಿಸ್ತೀರ್ಣ ಸುಮಾರು 13.46 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಏಳು ಪಟ್ಟು. ಜನ ಮಾತ್ರ ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟೂ ಇಲ್ಲ. ಊರುಗಳು 33, ಅಧಿಕೃತ ಭಾಷೆಗಳು 11. ವಿಧಾನಸಭೆಯಲ್ಲಿ 19 ಸದಸ್ಯರು, ಪಕ್ಷಗಳೇ ಇಲ್ಲ. ಗೆದ್ದು ಬಂದವರೇ ಕೂತು ಮುಖ್ಯಸ್ಥರನ್ನೂ ಮಂತ್ರಿಗಳನ್ನೂ ಆರಿಸುತ್ತಾರೆ. ಇದು ಪೂರ್ತಿ ಪ್ರಾಂತ್ಯವಲ್ಲ. ನಮ್ಮ ಪುದುಚೇರಿಯ ಹಾಗೆ ಅಂದುಕೊಳ್ಳಿ, ವಿಧಾನಸಭೆ ಇರುವ ಕೇಂದ್ರಾಡಳಿತ ಪ್ರದೇಶದಂಥದ್ದು. ನೆಲ, ನೀರು, ಖನಿಜದ ಆಡಳಿತ ಅದರ ಕೈಗೆ ಬಂದಿದ್ದೇ 2014ರ ಏಪ್ರಿಲ್ 1ರಂದು. ಬಜೆಟ್‌ನ ಬಹುಪಾಲು ಹಣ ಇವತ್ತಿಗೂ ಒಟ್ಟಾವಾದಿಂದ, ಅಂದರೆ ಕೆನಡಾದ ಕೇಂದ್ರ ಸರ್ಕಾರದಿಂದ ಬರಬೇಕು.

ಈಗ ನೆಲದ ಮಾತು. ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಕಾಲ ಹೆಪ್ಪುಗಟ್ಟಿಯೇ ಇರುವ ನೆಲಕ್ಕೆ ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಎರಡು ವರ್ಷ ಅನ್ನುವುದು ಪುಸ್ತಕದ ಮಾತು, ಎಷ್ಟೋ ಕಡೆ ಅದು ಸಾವಿರಾರು ವರ್ಷದ ಹಳೆಯ ಹೆಪ್ಪು. ಬಂಡೆ ಹೆಪ್ಪುಗಟ್ಟಿದರೆ ಚಿಂತೆ ಇಲ್ಲ, ಕರಗಿದರೂ ಬಂಡೆ ಬಂಡೆಯೇ. ಜೇಡಿಮಣ್ಣು ಹೆಪ್ಪುಗಟ್ಟಿದಾಗ ಕಥೆ ಬೇರೆ. ಅದರ ಒಳಗೆ ಮಂಜುಗಡ್ಡೆಯ ಪದರಗಳೇ ಕೂತಿರುತ್ತವೆ. ಚಳಿ ಇರುವವರೆಗೆ ಅದು ಕಾಂಕ್ರೀಟಿನಷ್ಟು ಗಟ್ಟಿ. ಕರಗಿತೋ, ಕೆಸರು. ಮಂಜುಗಡ್ಡೆ ಇದ್ದ ಜಾಗವೆಲ್ಲ ಕುಸಿಯುತ್ತದೆ. ಅದೂ ಒಂದೇ ಸಮ ಕುಸಿಯುವುದಿಲ್ಲ. ಮನೆಯ ಒಂದು ಮೂಲೆ ಎರಡು ಇಂಚು ಇಳಿಯುತ್ತದೆ, ಇನ್ನೊಂದು ಮೂಲೆ ಇದ್ದಲ್ಲೇ ಇರುತ್ತದೆ. ಗೋಡೆ ಸೀಳುವುದು ಹೀಗೆ.

ಉತ್ತರ ಕೆನಡಾದ ವರ್ಷದ ಸರಾಸರಿ ಉಷ್ಣತೆ 1948ರಿಂದ 2016ರ ಒಳಗೆ 2.3 ಡಿಗ್ರಿ ಏರಿದೆ. ಚಳಿಗಾಲದ್ದನ್ನೇ ತೆಗೆದುಕೊಂಡರೆ 4.3 ಡಿಗ್ರಿ. ಮೈನಸ್ ನಲವತ್ತು ಮೈನಸ್ ಮೂವತ್ತಾರಾದರೆ ಏನಂತೆ ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಆದರೆ ಅಲ್ಲಿನ ನೆಲ ಗಟ್ಟಿಯಾಗುವುದೇ ಚಳಿಗಾಲದ ಚಳಿಯನ್ನು ಕುಡಿದು. ಬೇಸಿಗೆಯಲ್ಲಿ ಕಳೆದುಕೊಂಡ ಚಳಿಯನ್ನು ಅದು ಆ ಆರೇಳು ತಿಂಗಳಲ್ಲಿ ತುಂಬಿಕೊಳ್ಳಬೇಕು. ಆ ಗಳಿಕೆ ವರ್ಷ ವರ್ಷ ಕಡಿಮೆಯಾಗುತ್ತಿದೆ.

ಇದಕ್ಕೆ ಅಲ್ಲಿನವರು ಬಳಸುವ ಒಂದು ಉಪಾಯ ನನಗೆ ತುಂಬಾ ಇಷ್ಟ. ಥರ್ಮೋಸೈಫನ್ ಅಂತ ಹೆಸರು. ಎರಡೂ ಕಡೆ ಮುಚ್ಚಿದ ಒಂದು ಉಕ್ಕಿನ ಕೊಳವೆ. ಒಳಗೆ ಒತ್ತಡದಲ್ಲಿ ಕಾರ್ಬನ್ ಡೈ ಆಕ್ಸೈಡ್ ತುಂಬಿರುತ್ತಾರೆ. ಅರ್ಧ ಭಾಗ ನೆಲದೊಳಗೆ, ಅರ್ಧ ಭಾಗ ಹೊರಗೆ ಗಾಳಿಗೆ. ಚಳಿಗಾಲದಲ್ಲಿ ಮೇಲಿನ ತುದಿ ತಣ್ಣಗಾಗಿ ಅನಿಲ ದ್ರವವಾಗುತ್ತದೆ, ಗೋಡೆಗುಂಟ ಕೆಳಗಿಳಿಯುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಿಂದ ಹನಿ ತೊಟ್ಟಿಕ್ಕುತ್ತದಲ್ಲ, ಹಾಗೆ. ಕೆಳಗೆ ನೆಲದ ಶಾಖ ಹೀರಿ ಮತ್ತೆ ಅನಿಲವಾಗಿ ಮೇಲೇರುತ್ತದೆ. ಕರೆಂಟ್ ಬೇಡ, ಪಂಪ್ ಬೇಡ. ನೆಲದ ಶಾಖವನ್ನು ತಾನೇ ಹೊರಗೆ ಸಾಗಿಸುತ್ತಿರುತ್ತದೆ. ಶಾಲೆ, ಆಸ್ಪತ್ರೆಯಂಥ ಕಟ್ಟಡಗಳ ಪಕ್ಕದಲ್ಲಿ ಸಾಲಾಗಿ ನಿಂತ ಬೆಳ್ಳಗಿನ ಕೊಳವೆಗಳು ಕಂಡರೆ ಇವೇ ಅಂತ ತಿಳಿಯಿರಿ. ಇದಕ್ಕೆ ಒಂದೇ ಷರತ್ತು. ಹೊರಗಿನ ಗಾಳಿ ನೆಲಕ್ಕಿಂತ ತಣ್ಣಗಿರಬೇಕು. ಚಳಿಗಾಲ ಚಿಕ್ಕದಾದಷ್ಟೂ ಇದರ ದುಡಿಮೆಯ ದಿನಗಳೂ ಕಡಿಮೆ. ಹಾಗಾಗಿ ಹಳೆಯ ಹವಾಮಾನದ ಲೆಕ್ಕ ಹಿಡಿದು ಹಾಕಿದ್ದು ಮುಂದೆ ಸಾಲದೆ ಹೋಗಬಹುದು.

ಯೆಲ್ಲೋನೈಫ್ ಪಕ್ಕದ ಜೈಂಟ್ ಮೈನ್ ಎಂಬ ಹಳೆಯ ಚಿನ್ನದ ಗಣಿಯ ವಿಷಯ ನಿಮ್ಮ ಮಗ ಹೇಳಿರಬಹುದು. ಅಲ್ಲಿ ನೆಲದಡಿ 2.37 ಲಕ್ಷ ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಪುಡಿ ಇದೆ. ಪಕ್ಕಾ ವಿಷ. ಅದು ನೀರಿಗೆ ಸೇರದಂತೆ ಸುತ್ತಲಿನ ಬಂಡೆಯನ್ನೇ ಹೆಪ್ಪುಗಟ್ಟಿಸಿ ಇಡುವುದು ಈಗಿನ ಯೋಜನೆ, ಅದಕ್ಕೂ ಇದೇ ಥರ್ಮೋಸೈಫನ್ನು. ಬಿಸಿಯಾಗುತ್ತಿರುವ ಊರಿನಲ್ಲಿ ಚಳಿಯನ್ನೇ ಬೀಗವಾಗಿ ಹಾಕಿದ್ದಾರೆ. ಮುಂದಿನ ಬಿಸಿಯನ್ನೂ ಲೆಕ್ಕ ಹಿಡಿದೇ ವಿನ್ಯಾಸ ಮಾಡಿದ್ದಾರೆ, ನಿಜ. ಆದರೂ ಆ ಬೀಗವನ್ನು ತಲೆಮಾರುಗಟ್ಟಲೆ ಕಾಯುತ್ತಾ ಕೂರಬೇಕು.

ಇನ್ನು ರಸ್ತೆ. ಉತ್ತರದ ತುದಿಯಲ್ಲಿ ಇನುವಿಕ್ ಅಂತ ಊರು. 1950ರ ದಶಕದಲ್ಲಿ ಲೆಕ್ಕ ಹಾಕಿಯೇ ಕಟ್ಟಿದ್ದು, ಕಟ್ಟಡಗಳೆಲ್ಲ ಕಂಬದ ಮೇಲೆ. ಮನೆಯ ಶಾಖ ನೆಲಕ್ಕೆ ತಾಗಬಾರದು ಅಂತ ನೀರು, ಚರಂಡಿಯ ಕೊಳವೆಗಳೂ ನೆಲದ ಮೇಲೇ ಹೋಗುತ್ತವೆ. ಅಲ್ಲಿಂದ ಸಮುದ್ರತೀರದ ಟುಕ್ಟೊಯಾಕ್ಟಕ್‌ಗೆ ಮೊದಲು ಚಳಿಗಾಲದಲ್ಲಷ್ಟೇ ದಾರಿ, ನದಿ ಮತ್ತು ಸಮುದ್ರದ ಹೆಪ್ಪಿನ ಮೇಲೆ. 2017ರ ನವೆಂಬರ್‌ನಲ್ಲಿ 138 ಕಿಲೋಮೀಟರಿನ ಸರ್ವಋತು ರಸ್ತೆ ತೆರೆಯಿತು. ಖರ್ಚು ಸುಮಾರು 30 ಕೋಟಿ ಡಾಲರ್, ಅದರಲ್ಲಿ 20 ಕೋಟಿ ಒಟ್ಟಾವಾದ್ದು. ನಮ್ಮಲ್ಲಿ ರಸ್ತೆ ಅಂದರೆ ಮೊದಲು ಅಗೆತ. ಅಲ್ಲಿ ಅಗೆಯುವ ಹಾಗೇ ಇಲ್ಲ. ಮೇಲಿನ ಪಾಚಿಯ ಹೊದಿಕೆ ಕಿತ್ತರೆ ಕೆಳಗಿನ ಹೆಪ್ಪಿಗೆ ಬಿಸಿಲು ತಾಗುತ್ತದೆ. ಅದಕ್ಕೆ ಚಳಿಗಾಲದಲ್ಲೇ ಕೆಲಸ ಮಾಡಿ, ಪಾಚಿಯ ಮೇಲೇ ಬಟ್ಟೆಯಂಥ ಹಾಸು ಹಾಸಿ, ಅದರ ಮೇಲೆ ಜಲ್ಲಿ ಮಣ್ಣು ದಪ್ಪಗೆ ಪೇರಿಸಿದರು. ಇಷ್ಟು ಮಾಡಿದರೂ ಅಲ್ಲಲ್ಲಿ ಕುಸಿತ ತಪ್ಪಿಲ್ಲ, ದುರಸ್ತಿಯೂ ನಿಂತಿಲ್ಲ.

ಈ ರಸ್ತೆಯ ಹಿಂದೆ ಇನ್ನೊಂದು ಕಥೆ ಇದೆ. ಇದು ಬರೀ ಹವಾಮಾನಕ್ಕೆ ಕೊಟ್ಟ ಉತ್ತರ ಅಂತ ತಿಳಿಯಬೇಡಿ. ಸಮುದ್ರದಡಿಯ ಎಣ್ಣೆ, ಅನಿಲ ಮುಂದೆ ಹೊರಗೆ ಬರುತ್ತದೆ ಎನ್ನುವ ಆಸೆಯೂ ಅದರ ಹಿಂದಿತ್ತು. ರಸ್ತೆ ಮುಗಿಯುವ ಮೊದಲೇ, 2016ರ ಡಿಸೆಂಬರ್‌ನಲ್ಲಿ, ಕೇಂದ್ರ ಸರ್ಕಾರ ಆರ್ಕ್‌ಟಿಕ್ ಸಮುದ್ರದಲ್ಲಿ ಹೊಸ ಎಣ್ಣೆ ಪರವಾನಗಿಗಳನ್ನು ನಿಲ್ಲಿಸಿತು. ಮರುವರ್ಷ ಆಗಿನ ಮುಖ್ಯಸ್ಥ ಬಾಬ್ ಮೆಕ್ಲಿಯೋಡ್ ‘ಕೆಂಪು ಎಚ್ಚರಿಕೆ’ ಅಂತಲೇ ಹೇಳಿಕೆ ಹೊರಡಿಸಿ, ದಕ್ಷಿಣದವರು ನಮ್ಮ ಹೊಟ್ಟೆಪಾಡನ್ನು ಅಲ್ಲಿ ಕೂತು ತೀರ್ಮಾನಿಸುತ್ತಾರೆ ಎಂದು ಸಿಟ್ಟಾದರು. ಕರಗುವ ನೆಲದ ಸರ್ಕಾರವೇ ಎಣ್ಣೆಗಾಗಿ ಜಗಳ ಆಡಿತ್ತು ಅಂತ ಕೇಳಿ ನಿಮಗೆ ನಗು ಬರಬಹುದು. ನನಗೆ ಅದು ಬರೀ ಬೂಟಾಟಿಕೆ ಅಂತ ಅನ್ನಿಸುವುದಿಲ್ಲ. ಗಣಿ ಬಿಟ್ಟರೆ ಅಲ್ಲಿ ದೊಡ್ಡ ಕೆಲಸ ಕೊಡುವುದು ಸರ್ಕಾರವೇ. ವಜ್ರದ ಗಣಿಗಳಿಗೂ ವಯಸ್ಸಾಗಿದೆ.

ಗಣಿಗಳಿಗೆ ಸಾಮಾನು ಹೋಗುವುದೂ ಹೆಪ್ಪಿನ ಮೇಲೇ. ವರ್ಷದಲ್ಲಿ ಎರಡು ತಿಂಗಳ ಆಸುಪಾಸು ಕೆರೆಗಳ ಮೇಲೆ ಲಾರಿ ಓಡುತ್ತದೆ. ಆ ಅವಧಿಯಲ್ಲಿ ವರ್ಷದ ಡೀಸೆಲ್ಲು, ಸಿಮೆಂಟು ಎಲ್ಲ ಸಾಗಿಸಿಕೊಳ್ಳಬೇಕು. 2006ರಲ್ಲಿ ಹೆಪ್ಪು ಬೇಗ ಕೈಕೊಟ್ಟು, ಉಳಿದ ಸಾಮಾನನ್ನು ವಿಮಾನದಲ್ಲಿ ಹೊರಬೇಕಾಯಿತು. ಊರುಗಳ ರಸ್ತೆಗೂ ಇದೇ ಪಾಡು. ಅದಕ್ಕೇ ಸರ್ಕಾರ ಒಂದೊಂದಾಗಿ ಹೆಪ್ಪಿನ ದಾರಿ ಬಿಟ್ಟು ನೆಲದ ದಾರಿ ಮಾಡಿಕೊಳ್ಳುತ್ತಿದೆ. 2012ರಲ್ಲಿ ಮೆಕೆಂಜಿ ನದಿಗೆ ಡೆ ಚೋ ಸೇತುವೆ ಬಂತು. ಅದಕ್ಕೆ ಮೊದಲು ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪು. ನಡುವೆ ಎರಡೂ ಇಲ್ಲದ ವಾರಗಳಲ್ಲಿ ಯೆಲ್ಲೋನೈಫ್‌ಗೆ ತರಕಾರಿಯೂ ವಿಮಾನದಲ್ಲೇ. 2021ರ ನವೆಂಬರ್‌ನಲ್ಲಿ ವಾಟೀ ಎಂಬ ತ್ಲಿಚೋ ಬುಡಕಟ್ಟಿನ ಊರಿಗೆ 97 ಕಿಲೋಮೀಟರ್ ಸರ್ವಋತು ರಸ್ತೆ ತೆರೆಯಿತು.

ದೋಣಿಯದ್ದು ಇನ್ನೂ ಹೊಸ ತಲೆನೋವು. ಮೆಕೆಂಜಿ ನದಿಗುಂಟ ಇರುವ ಊರುಗಳಿಗೆ ಎಣ್ಣೆ, ಸಾಮಾನು ಹೋಗುವುದು ಚಪ್ಪಟೆ ತಳದ ಸರಕು ದೋಣಿಯಲ್ಲಿ, ಅಂದರೆ ಬಾರ್ಜ್‌ನಲ್ಲಿ. ಅದನ್ನು ನಡೆಸುತ್ತಿದ್ದ ಖಾಸಗಿ ಕಂಪನಿ ದಿವಾಳಿ ಅಂಚಿಗೆ ಬಂದಾಗ 2016ರಲ್ಲಿ ಸರ್ಕಾರವೇ ಆಸ್ತಿ ಕೊಂಡು ಬಾರ್ಜ್ ನಡೆಸಲು ಶುರು ಮಾಡಿತು. ಆಮೇಲೆ ನದಿಯೇ ಇಳಿಯಿತು. 2024ರ ಬೇಸಿಗೆಯಲ್ಲಿ ನೀರು ಎಷ್ಟು ಕಡಿಮೆಯಾಯಿತೆಂದರೆ ನಾರ್ಮನ್ ವೆಲ್ಸ್, ತುಲಿತ ಊರುಗಳಿಗೆ ಬಾರ್ಜ್ ಹೋಗಲಿಲ್ಲ. ಎಣ್ಣೆಯೂ ವಿಮಾನದಲ್ಲಿ ಹೋಯಿತು, ಬೆಲೆಯೂ ಅದರ ಜೊತೆ ಹಾರಿತು.

ನೀರು ಇಳಿದರೆ ಕರೆಂಟಿಗೂ ಪೆಟ್ಟು. ನೀವು ಡೀಸೆಲ್ ಅಂದಿರಲ್ಲ, ಅದು ಪೂರ್ತಿ ನಿಜವಲ್ಲ. ಯೆಲ್ಲೋನೈಫ್ ಸುತ್ತ ಜಲವಿದ್ಯುತ್ತೇ ಮುಖ್ಯ, ಸ್ನೇರ್ ಮತ್ತು ಬ್ಲೂಫಿಶ್ ಘಟಕಗಳದ್ದು. ಲಿಂಗನಮಕ್ಕಿ ತುಂಬದ ವರ್ಷ ನಮಗೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಲ್ಲೂ ಮಳೆ, ಹಿಮ ಕೈಕೊಟ್ಟ ವರ್ಷ ಡೀಸೆಲ್ ಯಂತ್ರ ಶುರುವಾಗುತ್ತದೆ. 2014ರಲ್ಲಿ ಹಾಗಾದಾಗ ಜನರ ಬಿಲ್ ಏರಬಾರದೆಂದು ಸರ್ಕಾರ 2 ಕೋಟಿ ಡಾಲರ್ ಸುರಿಯಿತು. ಹವಾಮಾನಕ್ಕೆ ಖರ್ಚು ಅಂದರೆ ಹೀಗೂ ಇರುತ್ತದೆ, ಡೀಸೆಲ್ಲಿಗೆ ಸಬ್ಸಿಡಿ! ಜಲವಿದ್ಯುತ್ ತಲುಪದ ಊರುಗಳಲ್ಲಿ ಡೀಸೆಲ್ಲೇ ಗತಿ. ಇನುವಿಕ್‌ನಲ್ಲಿ 2023ರಲ್ಲಿ 3.5 ಮೆಗಾವಾಟಿನ ಒಂದು ಗಾಳಿಯಂತ್ರ ನಿಲ್ಲಿಸಿದ್ದಾರೆ. ಹೌದು, ಒಂದೇ ಒಂದು. ಗದಗ, ಚಿತ್ರದುರ್ಗದ ಗುಡ್ಡ ನೋಡಿದವರಿಗೆ ಇದೊಂದು ಲೆಕ್ಕವೇ ಅನ್ನಿಸುತ್ತದೆ. ಆದರೆ ಗ್ರಿಡ್ಡೇ ಇಲ್ಲದ ಊರಿಗೆ ಅದು ದೊಡ್ಡದು.

ನನ್ನ ಪ್ರಕಾರ ಹೊಗೆ ಇಳಿಸುವುದರಲ್ಲಿ ಆ ಸರ್ಕಾರ ಗೆದ್ದಿದ್ದು ಯಾರೂ ಜಾಸ್ತಿ ಮಾತಾಡದ ಒಂದು ಕೆಲಸದಲ್ಲಿ, ಕಟ್ಟಡ ಬಿಸಿ ಮಾಡುವುದರಲ್ಲಿ. ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್ ಸುಡುವ ಬಾಯ್ಲರ್‌ಗಳನ್ನು ಸರ್ಕಾರಿ ಕಟ್ಟಡಗಳಿಗೆ ಹಾಕುತ್ತಾ ಬಂದರು. ಮೊದಮೊದಲ ದೊಡ್ಡ ಬಾಯ್ಲರ್ ಬಂದಿದ್ದು 2006ರಲ್ಲಿ, ಯೆಲ್ಲೋನೈಫ್ ಜೈಲಿಗೆ. ಆಮೇಲೆ ಶಾಲೆಗಳಿಗೆ. ಎಣ್ಣೆಗಿಂತ ಅಗ್ಗ ಅಂತಲೇ ಶುರುವಾಗಿದ್ದು, ಅದಕ್ಕೇ ಉಳಿದುಕೊಂಡಿತು ಅನ್ನಬೇಕು.

ಇಂಧನ ಸುಟ್ಟು ಬಿಡುವ ಹೊಗೆಯ ಮೇಲೆ ಹಾಕುವ ಕಾರ್ಬನ್ ತೆರಿಗೆಯದ್ದು ಚಿಕ್ಕ ಕಥೆ. ನೀವೇ ಹಾಕದಿದ್ದರೆ ನಾವು ಹಾಕುತ್ತೇವೆ ಎಂದು ಒಟ್ಟಾವಾ ಹೇಳಿತು. 2019ರ ಸೆಪ್ಟೆಂಬರ್ 1ರಿಂದ ಟನ್ನಿಗೆ 20 ಡಾಲರಿನಂತೆ ಇವರೇ ಹಾಕಿದರು. ಮನೆ ಬಿಸಿ ಮಾಡುವ ಎಣ್ಣೆಯ ತೆರಿಗೆಯನ್ನು ಕೈಯಲ್ಲೇ ವಾಪಸ್ ಕೊಟ್ಟರು, ವಿಮಾನದ ಎಣ್ಣೆಗೆ ವಿನಾಯಿತಿ ಇಟ್ಟರು. ಚಳಿಗೂ ದೂರಕ್ಕೂ ಬೇರೆ ದಾರಿ ಇಲ್ಲದ ಜನರ ಮೇಲೆ ತೆರಿಗೆ ಹಾಕಿದರೆ ಸಿಗುವುದು ಸಿಟ್ಟು ಮಾತ್ರ. 2025ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಜನರ ಮೇಲಿನ ಆ ತೆರಿಗೆ ಹೋಯಿತು, ಇಲ್ಲೂ ಹೋಯಿತು.

ಈಗ ನೀವು ಕೇಳಿದ ಆ ದೊಡ್ಡ ಯೋಜನೆ. 2017ರ ಅಕ್ಟೋಬರ್‌ನಲ್ಲಿ ಕೆನಡಾದ ಮಹಾಲೆಕ್ಕಪಾಲರು, ನಮ್ಮ ಸಿಎಜಿ ಇದ್ದ ಹಾಗೆ, ಇವರ ಮೇಲೆ ಒಂದು ವರದಿ ಕೊಟ್ಟರು. ಪರಿಸರ ಇಲಾಖೆ ಮುಂದೆ ನಿಂತು ನಡೆಸಬೇಕಾದ ಕೆಲಸವನ್ನು ನಡೆಸಿಲ್ಲ, ಬದಲಾಗುವ ಹವಾಮಾನಕ್ಕೆ ಹೊಂದಿಕೊಳ್ಳುವ ತಯಾರಿ ಸಾಲದು ಎನ್ನುವುದು ಅದರ ಸಾರ. ಪೆಟ್ಟು ತಗುಲಿದ ಮೇಲೆ, 2018ರಲ್ಲಿ, 2030ರವರೆಗಿನ ಹವಾಮಾನ ಚೌಕಟ್ಟು ಮತ್ತು ಇಂಧನ ನೀತಿ ಎರಡೂ ಬಂದವು. 2005ರ ಮಟ್ಟಕ್ಕಿಂತ ಶೇಕಡ 30ರಷ್ಟು ಹೊಗೆ ಇಳಿಸುವುದು ಗುರಿ. 2021ರಲ್ಲಿ ಮೂಲನಿವಾಸಿ ಸರ್ಕಾರಗಳ ಜೊತೆ ಸೇರಿ ಹವಾಮಾನ ಪರಿಷತ್ತು ಮಾಡಿದರು. 2023ರ ಏಪ್ರಿಲ್‌ನಲ್ಲಿ ಪರಿಸರ ಇಲಾಖೆ, ಭೂ ಇಲಾಖೆ ಸೇರಿಸಿ ಹೆಸರಿನಲ್ಲೇ ಹವಾಮಾನ ಬದಲಾವಣೆ ಇರುವ ಇಲಾಖೆ ಬಂತು.

ಆ ಶೇಕಡ 30ರ ಗುರಿಯನ್ನು ನಾನು ಹೆಚ್ಚು ಮುಖ್ಯ ಅಂತ ನೋಡುವುದಿಲ್ಲ. ಒಂದು ಗಣಿ ಮುಚ್ಚಿದರೆ ಅಂಕಿ ತಾನಾಗಿ ಇಳಿಯುತ್ತದೆ, ಒಂದು ತೆರೆದರೆ ಏರುತ್ತದೆ. ಅದು ಸರ್ಕಾರದ ಜಾಣತನವೂ ಅಲ್ಲ, ಸೋಲೂ ಅಲ್ಲ. ಪರಿಷತ್ತು ಮಾತ್ರ ನನ್ನ ಕಣ್ಣಿಗೆ ಬೆಲೆಬಾಳುವ ಕೆಲಸ. ಹೆಪ್ಪು ಯಾವ ತಿರುವಿನಲ್ಲಿ ತೆಳ್ಳಗಾಗುತ್ತಿದೆ, ಕ್ಯಾರಿಬೂ ಎಂಬ ಜಿಂಕೆ ಜಾತಿಯ ಪ್ರಾಣಿಯ ಹಿಂಡು ಈ ವರ್ಷ ಯಾವ ದಾರಿ ಹಿಡಿಯಿತು ಅಂತ ಮೊದಲು ಗೊತ್ತಾಗುವುದು ಬೇಟೆಗೆ ಹೋಗುವವರಿಗೆ. ಬಾಥರ್ಸ್ಟ್ ಎಂಬ ಕ್ಯಾರಿಬೂ ಹಿಂಡು 1986ರಲ್ಲಿ ಸುಮಾರು 4.7 ಲಕ್ಷ ಇತ್ತು, 2018ಕ್ಕೆ 8,200ರ ಹತ್ತಿರ ಬಂದಿತ್ತು. ಕಾರಣ ಹವಾಮಾನ ಒಂದೇ ಅಂತ ಯಾರೂ ಹೇಳುವುದಿಲ್ಲ. ಆದರೆ ಆ ಮಾಂಸವನ್ನೇ ನಂಬಿದವರನ್ನು ಹೊರಗಿಟ್ಟು ಮಾಡಿದ ಯೋಜನೆ ಯಾವ ಊರಿನಲ್ಲೂ ನಡೆಯುವುದಿಲ್ಲ.

ಬೆಂಕಿಗೆ ಬರೋಣ. 2023ರಲ್ಲಿ ಅಲ್ಲಿ ಸುಮಾರು 40 ಲಕ್ಷ ಹೆಕ್ಟೇರ್ ಕಾಡು ಸುಟ್ಟಿತು. ಆಗಸ್ಟ್ 13ರಂದು ಎಂಟರ್‌ಪ್ರೈಸ್ ಎಂಬ ಪುಟ್ಟ ಊರು ಹೆಚ್ಚುಕಡಿಮೆ ಪೂರ್ತಿ ಹೋಯಿತು. 16ರ ಸಂಜೆ ಯೆಲ್ಲೋನೈಫ್‌ನ 20 ಸಾವಿರ ಜನರಿಗೆ ಹೊರಡಿ ಅಂದರು. ಹೊರಗೆ ಹೋಗಲು ಇರುವುದು ಒಂದೇ ಹೆದ್ದಾರಿ, ಎಡ್ಮಂಟನ್ ಸುಮಾರು 1,450 ಕಿಲೋಮೀಟರ್. ಜನ ವಾಪಸ್ ಬಂದಿದ್ದು ಸೆಪ್ಟೆಂಬರ್ 6ರಿಂದ. ಊರು ಉಳಿಯಿತು. ಹೇ ರಿವರ್ ಊರಿನವರ ಪಾಡು ಇನ್ನೂ ಕಷ್ಟ. 2022ರ ಮೇನಲ್ಲಿ ಪ್ರವಾಹ, 2023ರ ಮೇನಲ್ಲಿ ಬೆಂಕಿ, ಆಗಸ್ಟ್‌ನಲ್ಲಿ ಮತ್ತೆ ಬೆಂಕಿ. ಹದಿನೈದು ತಿಂಗಳಲ್ಲಿ ಮೂರು ಸಲ ಮನೆ ಬಿಟ್ಟು ಓಡಿದರು. ಆಗಸ್ಟ್‌ನಲ್ಲಿ ಓಡುವಾಗ ದೂರವಾಣಿ ತಂತಿಯೂ ಸುಟ್ಟು ಫೋನಿಲ್ಲ. ಒಂದೇ ರಸ್ತೆ, ಒಂದೇ ತಂತಿ. ಆ ಸರ್ಕಾರದ ನಿಜವಾದ ಬಡತನ ಇದು. ಗುರಿ, ಚೌಕಟ್ಟು ಎಲ್ಲ ಇದ್ದೂ, ಇನ್ನೊಂದು ರಸ್ತೆಗೆ, ಇನ್ನೊಂದು ತಂತಿಗೆ ಒಟ್ಟಾವಾದ ಕಡೆ ಕೈ ಚಾಚಬೇಕು. ಹಾಗಾಗಿ ಕಾಗದದ ಮಾತೋ ಎಂದು ನೀವು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟು. ಕಾಗದಕ್ಕಿಂತ ನೆಲದ ಮೇಲಿನ ಕೆಲಸ ಚೆನ್ನಾಗಿದೆ, ಆದರೆ ಕೆಲಸದ ವೇಗಕ್ಕಿಂತ ಕರಗುವ ವೇಗ ಜಾಸ್ತಿ ಇದೆ.

ಮನೆ ವಿಷಯ. ಮಗನಿಗೆ ಮೊದಲು ಕೇಳಲು ಹೇಳಿ, ಮನೆ ಬಂಡೆಯ ಮೇಲಿದೆಯೋ, ಮಣ್ಣಿನ ಮೇಲಿದೆಯೋ. ಯೆಲ್ಲೋನೈಫ್‌ನಲ್ಲಿ ಎಷ್ಟೋ ಮನೆ ಹಳೆಯ ಗಟ್ಟಿ ಬಂಡೆಯ ಮೇಲೇ ಕೂತಿವೆ, ಅವಕ್ಕೆ ಚಿಂತೆ ಕಡಿಮೆ. ಬಂಡೆಗಳ ನಡುವಿನ ತಗ್ಗಿನಲ್ಲಿ ಜೇಡಿಮಣ್ಣು, ಅದರಲ್ಲಿ ಹೆಪ್ಪು ಇರುವ ಸಂಭವ ಜಾಸ್ತಿ. ಕಂಬದ ಮೇಲಿನ ಮನೆಯಾದರೆ ಕಂಬಕ್ಕೆ ಎತ್ತರ ಸರಿಪಡಿಸುವ ಜಾಕ್ ಇದೆಯಾ, ಹಿಂದಿನ ಮಾಲೀಕರು ಎಷ್ಟು ಸಲ ತಿರುಗಿಸಿದ್ದಾರೆ ಅಂತ ಕೇಳಲಿ. ಒಂದೆರಡು ಸಲ ತಿರುಗಿಸಿದ್ದರೆ ಹೆದರಬೇಕಿಲ್ಲ, ಅದು ಅಲ್ಲಿನ ಮಾಮೂಲು. ಪ್ರತಿ ವರ್ಷ ಒಂದೇ ಮೂಲೆ ಎತ್ತಿದ್ದರೆ ಬೇಡ. ಮನೆಯ ಅಡಿ ನೀರು ನಿಲ್ಲಬಾರದು. ಹಿಮ ಗುಡಿಸಿ ಗೋಡೆಗೆ ಒತ್ತಿ ಪೇರಿಸುವ ಅಭ್ಯಾಸವೂ ಒಳ್ಳೆಯದಲ್ಲ, ಅದು ಕಂಬಳಿಯ ಹಾಗೆ ನೆಲಕ್ಕೆ ಚಳಿ ತಾಗದಂತೆ ಮಾಡುತ್ತದೆ. ಬೆಂಕಿಗಾಗಿ, ಗೋಡೆಯಿಂದ ಒಂದೂವರೆ ಮೀಟರ್ ಒಳಗೆ ಸುಡುವಂಥದ್ದು ಏನೂ ಇರಬಾರದು, ಹತ್ತು ಮೀಟರ್ ಒಳಗೆ ಒಣ ಪೊದೆ ಇರಬಾರದು. ಸೌದೆ ರಾಶಿಯೂ ದೂರ ಇರಲಿ. ವಿಮೆಯ ಕಾಗದದಲ್ಲಿ ನೆಲ ಕುಸಿತಕ್ಕೆ ಏನು ಬರೆದಿದೆ ಅಂತ ಸಹಿಗೆ ಮೊದಲೇ ಓದಲಿ.

ಮನೆ ನೋಡಲು ಫೆಬ್ರವರಿಯಲ್ಲಿ ಹೋಗುವುದು ಬೇಡ. ಆಗ ನೆಲವೆಲ್ಲ ಗಟ್ಟಿಯಾಗಿ ಎಲ್ಲ ಮನೆಯೂ ನೆಟ್ಟಗೆ ಕಾಣುತ್ತದೆ. ನೆಲ ಅತಿ ಆಳದವರೆಗೆ ಕರಗಿರುವುದು ಸೆಪ್ಟೆಂಬರ್‌ನಲ್ಲಿ. ಆಗ ಹೋಗಿ, ಒಂದೊಂದು ಕೋಣೆಯ ಬಾಗಿಲನ್ನೂ ತೆರೆದು ಮುಚ್ಚಿ ನೋಡಲಿ.